ಗದ್ವಾಲ್‌ಗೂ ಮಕ್ತಲ್‌ಗೂ ನಡುವಿನ ದಿನಗಳು

ಮಕ್ತಲ್,
7 ಡಿಸೆಂಬರ್ 2025, ಭಾನುವಾರ

ಪ್ರೀತಿಯ ಐಶ್ವರ್ಯ,

ಅಮ್ಮನ ಆಶೀರ್ವಾದ. ಇಲ್ಲಿ ನಾವು ಕ್ಷೇಮ. ನೀನು ಹೈದರಾಬಾದಿನ ಚಳಿಯಲ್ಲಿ ಒದ್ದೆ ಕೂದಲಲ್ಲೇ ಕಾಲೇಜಿಗೆ ಓಡುತ್ತಿಲ್ಲವೆಂದು ನಂಬಿದ್ದೇನೆ, ಪೂರ್ತಿ ನಂಬಿಲ್ಲ. ದೀಪಾವಳಿಗೆ ನೀನು ಬರೆದ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಮೊದಲು ಪರೀಕ್ಷೆಯ ಪತ್ರಿಕೆಗಳ ಕಟ್ಟು, ಆಮೇಲೆ ಮಂಡಿನೋವು, ಆಮೇಲೆ ಬರೀ ಸೋಮಾರಿತನ. ಮೂರರಲ್ಲಿ ಯಾವುದನ್ನಾದರೂ ಒಂದನ್ನು ಕ್ಷಮಿಸು.

ದಿನಾ ಫೋನಿನಲ್ಲಿ ಮಾತಾಡುವವಳು ಇದ್ದಕ್ಕಿದ್ದಂತೆ ಕಾಗದ ಹಿಡಿದಳೇಕೆ ಎನ್ನುತ್ತೀ. ಅಜ್ಜಿ ಬುಧವಾರ ನಮ್ಮ ಮನೆಗೆ ಬಂದಿದ್ದಾಳೆ. ನಾನು ಫೋನು ಕಿವಿಗಿಟ್ಟರೆ ಸಾಕು, ಹೂಬತ್ತಿ ಹೊಸೆಯುವ ನೆಪದಲ್ಲಿ ಪಕ್ಕಕ್ಕೆ ಬಂದು ಕೂಡುತ್ತಾಳೆ. ಹೇಳಬೇಕಾದದ್ದು ಅವಳ ವಿಷಯವೇ.

ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ. ಬರೆದರೆ ನನಗೇ ತಿಳಿಯಾಗುತ್ತದೆ. ತಾತ ಹೋದ ಮೇಲೆ ಅವ್ವನನ್ನು ಎರಡೆರಡು ತಿಂಗಳು ಇಟ್ಟುಕೊಳ್ಳುತ್ತೇವೆಂದು ನಿನ್ನ ಮಾವಂದಿರಿಬ್ಬರೂ ಮಾತಾಡಿಕೊಂಡರು: ನಾರಾಯಣಪೇಟೆಯಲ್ಲಿ ಶರಣಯ್ಯಣ್ಣ, ಗದ್ವಾಲ್‌ನಲ್ಲಿ ತಮ್ಮ ಸಿದ್ದರಾಮೇಶ. ನನಗೂ ಒಂದು ಪಾಳಿ ಬೇಕೆಂದು ಹಠ ಹಿಡಿದವಳು ನಾನು. "ಹೆಣ್ಣುಮಕ್ಕಳ ಮನಿಗಿ ಪಾಳಿ ಎಲ್ಲಿ ಐತವ್ವಾ, ಹಬ್ಬಕ್ಕ ಕರಕೊಂಡು ಹೋಗು," ಎಂದು ಅಣ್ಣ ನಕ್ಕ. ನಾನು ನಗಲಿಲ್ಲ. ಮೂರನೆಯ ಪಾಲು ತೆಗೆದುಕೊಂಡೆ. ಹಾಗೆ ಸಿಕ್ಕ ಪಾಲಿಗೆ ಫೆಬ್ರವರಿ ತಿಂಗಳು ಬಂದು ಕೂತು ಮೂರು ದಿನ ಕಡಿಮೆಯಾದಾಗ ಹೊಟ್ಟೆ ಉರಿದದ್ದೂ ನಿಜ. ಅದಕ್ಕೇ ತಿಂಗಳ ಲೆಕ್ಕ ಬೇಡ, ಮನೆಗೆ ಅರವತ್ತು ದಿನ ಎಂದು ಮಾಡಿಸಿದ್ದು. ಅದಕ್ಕೇ ಹೋದ ವರ್ಷದ ಬೇಸಿಗೆಯಲ್ಲಿ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಪ್ರೋಗ್ರಾಂ ಕಲಿತದ್ದು.

ನಾಲ್ಕೇ ಸಾಲು. ಇಸವಿ, ತಿಂಗಳು, ದಿನ ಎಂದು ಎರಡು ತಾರೀಖು ಕೊಡಬೇಕು. ಎರಡನೆಯದರಿಂದ ಮೊದಲನೆಯದನ್ನು ಕಳೆದು ಎಷ್ಟು ದಿನ ಎಂದು ತೋರಿಸುತ್ತದೆ. ಒಂದೇ ತಾರೀಖಿಗೆ ಅರವತ್ತು ಕೂಡಿಸಿದರೆ ಮುಂದಿನ ಪಾಳಿಯ ತಾರೀಖು ಬರುತ್ತದೆ. ಕವಿತೆಯ ನಾಲ್ಕು ಸಾಲು ಹಿಡಿದು ಅರ್ಧ ದಿನ ಅರ್ಥಕ್ಕೆ ಅಲೆಯುವವಳು ನಾನು. ನಾಲ್ಕು ಸಾಲಿಗೆ ಒಂದೇ ಉತ್ತರ, ಅದೂ ರೆಪ್ಪೆ ಬಡಿಯುವುದರೊಳಗೆ! ನನಗೆ ಅಮಲೇರಿತ್ತು. ನಿಮ್ಮಪ್ಪ ಮಾತ್ರ, "ನಿಮ್ಮವ್ವ ಏನ್ ಲೈಬ್ರರಿ ಪುಸ್ತಕೇನು, ತಾರೀಖ್ ಹೊಡದು ವಾಪಸ್ ಕೊಡಾಕ?" ಎಂದಿದ್ದರು. ಎರಡು ದಿನ ಅವರೊಂದಿಗೆ ಮಾತು ಬಿಟ್ಟಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಅವ್ವ ದಸರೆಯ ದಿನ, ಅಕ್ಟೋಬರ್ ಎರಡಕ್ಕೆ, ಗದ್ವಾಲ್‌ಗೆ ಹೋದಳು. ಅರವತ್ತು ಕೂಡಿಸಿದರೆ ಡಿಸೆಂಬರ್ ಒಂದು, ಸೋಮವಾರ. ಅದನ್ನೇ ಅವಳಿಗೆ ಫೋನಿನಲ್ಲಿ ಹೇಳಿದೆ. "ಸೋಮವಾರ ಒಪ್ಪತ್ತು ಇರ್ತೀನವ್ವಾ, ಮಂಗಳವಾರ ಹೆಣ್ಣುಮಕ್ಕಳ ಮನಿಗಿ ಬರಬಾರದು, ಬುಧವಾರ ಬರ್ತೀನಿ," ಎಂದಳು. ಬುಧವಾರ ಬಂದಳು. ಸರಿ ಎಂದುಕೊಂಡೆ.

ಗುರುವಾರ ಗದ್ವಾಲ್‌ನಿಂದ ನಿನ್ನ ಅತ್ತೆ, ಸಿದ್ದರಾಮೇಶನ ಹೆಂಡತಿ ಉಮಾಶ್ರೀಯ ಫೋನು. ಹೋದ ವರ್ಷದಿಂದ ನಮ್ಮಿಬ್ಬರ ನಡುವೆ ಬೆಳಗಿನ ಶುಭಾಶಯದ ಚಿತ್ರಗಳು ಬಿಟ್ಟರೆ ಮಾತಿಲ್ಲ. ಅವಳಾಗಿ ಫೋನು ಮಾಡಿದ್ದೇ ಆಶ್ಚರ್ಯ. "ಅಕ್ಕಾರ, ಭಾನುವಾರ ಹೋಗೋ ಗಡಿಬಿಡ್ಯಾಗ ಅತ್ತಿ ಬಿಪಿ ಗುಳಿಗಿ ಡಬ್ಬಿ ಇಲ್ಲೇ ಬಿಟ್ಟಾರ್ರಿ. ಇವತ್ತು ನೋಡಿದೆ. ಅಲ್ಲಿ ತಗೊಂಡು ಕೊಡ್ರಿ."

ಭಾನುವಾರ! ನಾನು "ಹೂಂ" ಎಂದಷ್ಟೇ ಹೇಳಿ ಫೋನು ಇಟ್ಟೆ. ಕೂಡಲೇ ಲ್ಯಾಪ್‌ಟಾಪ್ ತೆರೆದೆ. ಅಕ್ಟೋಬರ್ ಎರಡರಿಂದ ನವೆಂಬರ್ ಮೂವತ್ತಕ್ಕೆ ಐವತ್ತೊಂಬತ್ತು. ಅಂದರೆ ಉಮಾಶ್ರೀ ಒಂದು ದಿನ ಮೊದಲೇ ಅವ್ವನನ್ನು ಹೊರಗೆ ಹಾಕಿದ್ದಾಳೆ. ಅದು ಹೋಗಲಿ. ಭಾನುವಾರ ಹೊರಟವಳು ಬುಧವಾರ ಮುಟ್ಟಿದ್ದಾಳೆ. ಎರಡು ತಾಸಿನ ದಾರಿಗೆ ಮೂರು ದಿನ! ಮೂರೂ ದಿನ ಗುಳಿಗೆಯಿಲ್ಲದೆ ಎಲ್ಲಿದ್ದಳು?

ಅವ್ವನನ್ನೇ ಕೇಳಿದೆ. "ಅವ್ವಾ, ಗದ್ವಾಲ್ ಬಿಟ್ಟು ಯಾವತ್ತು ಹೊಂಟಿ?"

"ಬುಧವಾರ ಬಂದಿಲ್ಲೇನು?"

"ಬಂದದ್ದಲ್ಲ ಕೇಳಿದ್ದು, ಹೊಂಟದ್ದು."

"ಹೊಂಟ್ರ ತಾನೇ ಬರೂದವ್ವಾ," ಎಂದು ಬತ್ತಿ ಹೊಸೆಯತೊಡಗಿದಳು. ಕಣ್ಣೆತ್ತಿ ನೋಡಲಿಲ್ಲ. ಯಾರೋ ಹೇಳಬೇಡವೆಂದು ಹೇಳಿಕೊಟ್ಟ ಮುಖ ಅದು.

ನನ್ನ ಅನುಮಾನ ಬರೆಯುತ್ತೇನೆ, ನಿನ್ನೊಳಗೇ ಇರಲಿ. ಉಮಾಶ್ರೀಯ ತವರು ಶಾಂತಿನಗರ. ಅಲ್ಲಿ ಅವಳ ತಂಗಿಯ ಬಾಣಂತನ ನಡೆದಿದೆ. ಎಪ್ಪತ್ನಾಲ್ಕರ ಮುದುಕಿಯನ್ನು ಕೂಸಿಗೆ ಎಣ್ಣೆ ನೀರು ಹಾಕಲು ಅಲ್ಲಿಗೆ ಸಾಗಿಸಿದ್ದರೆ? ಇದು ಇದೊಂದೇ ಸಲವೋ, ಪ್ರತಿ ಪಾಳಿಯಲ್ಲೂ ಹೀಗೆಯೋ? ಸಾಬೀತಾದರೆ ಸಂಕ್ರಾಂತಿಗೆ ಎಲ್ಲರೂ ಸೇರುವ ಮುಂಚೆ ಶರಣಯ್ಯಣ್ಣನಿಗೆ ಹೇಳಿ ಗದ್ವಾಲ್‌ನ ಪಾಳಿಯನ್ನೇ ತೆಗೆಸುತ್ತೇನೆ. ಅವ್ವ ಇನ್ನು ಆ ಹೊಸ್ತಿಲು ತುಳಿಯುವುದು ಬೇಡ.

ಪ್ರೋಗ್ರಾಂ ಎಲ್ಲಾದರೂ ತಪ್ಪಿದೆಯೇ ನೋಡಿ ಹೇಳು. ಮೂವತ್ತು, ಮೂವತ್ತೊಂದರ ತಿಂಗಳುಗಳನ್ನು ಅದು ಸರಿಯಾಗಿ ಹಿಡಿಯುತ್ತದೆ ತಾನೇ? ನನ್ನ ಮಾತಿಗಿಂತ ಅದರ ಮಾತು ಗಟ್ಟಿಯಾಗಿರಬೇಕು.

ಊಟ ಬಿಡಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ


ಮಕ್ತಲ್,
14 ಡಿಸೆಂಬರ್ 2025, ಭಾನುವಾರ

ಪ್ರೀತಿಯ ಐಶ್ವರ್ಯ,

ಆಶೀರ್ವಾದ. ನಿನ್ನ ಸಂದೇಶ ಬಂತು. ಪ್ರೋಗ್ರಾಂ ಸರಿಯಾಗಿದೆ, ಅಧಿಕ ವರ್ಷದ ಫೆಬ್ರವರಿಯನ್ನೂ ಕೊಟ್ಟು ನೋಡಿದೆ ಎಂದಿದ್ದೀ. ಜೊತೆಗೆ, "ಅಮ್ಮ, ಪ್ರೋಗ್ರಾಂ ನೀನು ಕೊಟ್ಟಿದ್ದನ್ನಷ್ಟೇ ಕಳೆಯುತ್ತದೆ," ಎಂದೂ ಸೇರಿಸಿದ್ದೀ. ಆ ಸಾಲಿನ ದನಿ ನನಗೆ ಹಿಡಿಸಲಿಲ್ಲ. ಆದರೆ ಅದನ್ನು ಓದುವ ಹೊತ್ತಿಗೆ ನಾನು ಗದ್ವಾಲ್ ಬಸ್ಸಿನಲ್ಲಿ ಕೂತಾಗಿತ್ತು. ನಿನ್ನೆ ಎರಡನೆಯ ಶನಿವಾರ, ಶಾಲೆಗೆ ರಜೆ. ನೆಪಕ್ಕೆ ಗುಳಿಗೆ ಡಬ್ಬಿ ತರುವುದು.

ನಿನ್ನ ಅತ್ತೆಯ ಅಡುಗೆಮನೆಯ ಬಾಗಿಲ ಪಕ್ಕ ಕ್ಯಾಲೆಂಡರ್ ತೂಗುತ್ತದಲ್ಲ, ನೋಡಿದ್ದೀಯೆ? ಹೊಸ ವರ್ಷದ್ದನ್ನು ಹಳೆಯದರ ಮೇಲೆಯೇ ಅದೇ ಮೊಳೆಗೆ ಹಾಕುತ್ತಾಳೆ. ಹಾಲು, ಸಿಲಿಂಡರ್, ಚೀಟಿಯ ವಾರ, ಎಲ್ಲವೂ ಅದರಲ್ಲೇ. ಅವಳು ಚಹಾಕ್ಕೆ ಒಳಗೆ ಹೋದಾಗ ನಾನು ಎದ್ದು ಹಾಳೆ ತಿರುವಿದೆ. ಕೆಂಪು ಶಾಯಿಯಲ್ಲಿ ಬರೆದಿದ್ದಳು: ಅತ್ತಿ ಬಂದರು, ಅತ್ತಿ ಹೋದರು. ನಾನು ಫೋನಿನಲ್ಲಿ ಚಿತ್ರ ತೆಗೆದುಕೊಳ್ಳುತ್ತಿದ್ದೆ. ಹೋದ ವರ್ಷದ ಕ್ಯಾಲೆಂಡರಿನ ಡಿಸೆಂಬರ್ ಹಾಳೆಯದನ್ನೂ ತೆಗೆದುಕೊಂಡು ಹಿಂದಕ್ಕೆ ತಿರುವುವಾಗ ಮೊಳೆ ಕಿತ್ತು ಎರಡೂ ನೆಲಕ್ಕೆ ಬಿದ್ದವು.

ಉಮಾಶ್ರೀ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಏನ್ ಹುಡುಕ್ಲಿಕತ್ತೀರ್ರಿ ಅಕ್ಕಾರ? ಮುಹೂರ್ತನಾ?"

ಇನ್ನು ಮುಚ್ಚಿಡುವುದೇನು ಎಂದು ಕೇಳಿಯೇ ಬಿಟ್ಟೆ. ಐವತ್ತೊಂಬತ್ತು ದಿನಕ್ಕೇ ಏಕೆ ಕಳಿಸಿದಿ, ಅಲ್ಲಿಂದ ಮೂರು ದಿನ ಅವ್ವನನ್ನು ಎಲ್ಲಿ ಇಟ್ಟಿದ್ದಿ, ಶಾಂತಿನಗರದಲ್ಲೇನು ಎಂದು. ಅವಳ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ನಿಮಗ ನನ್ ಮ್ಯಾಲ ಶಕ್ಕೇನ್ರಿ? ಬಾಯಿ ಬಿಟ್ಟು ಹೇಳ್ರಿ. ನಮ್ ತಂಗಿ ಕೂಸಿಗಿ ನೀರ್ ಹಾಕಾಕ ನಮ್ಮವ್ವ ಗಟ್ಟಿ ಅದಾಳ. ಮತ್ತ ಐವತ್ತೊಂಬತ್ತು ಅಂದೋರ್ ಯಾರು?"

"ನಾನಲ್ಲ, ಕಂಪ್ಯೂಟರ್."

"ನಿಮ್ ಕಂಪ್ಯೂಟರ್ ದಸರಾದ ದಿನ ನಮ್ಮನಿಗಿ ಬಂದಿತ್ತೇನ್ರಿ ಊಟಕ್ಕ? ಅವತ್ತು ಹೋಳಿಗಿ ಮಾಡಿ ಬಡಿಸೀನಿ ಅತ್ತಿಗಿ. ಅದು ಒಂದನೇ ದಿನ." ತಟ್ಟೆ ಕೆಳಗಿಟ್ಟು ಬೆರಳ ಗೆಣ್ಣು ಹಿಡಿದು ಎಣಿಸತೊಡಗಿದಳು. "ಅಕ್ಟೋಬರ್‌ದಾಗ ಮೂವತ್ತು, ನವೆಂಬರ್‌ದಾಗ ಮೂವತ್ತು. ಅರವತ್ತು ಆಗ್ಲಿಲ್ಲೇನು? ಕೂಸು ಹುಟ್ಟಿದ್ರ ಹುಟ್ಟಿದ ದಿನ ಬಿಟ್ಟು ಎಣಸ್ತೀರೇನ್ರಿ? ಮಂದಿ ಸತ್ರ ಸತ್ತ ದಿನ ಬಿಟ್ಟು ಮೂರು ದಿನ ಮಾಡ್ತೀರೇನು? ಎಂ.ಎ. ಓದೀರಿ, ಬೆರಳು ಎಣಸಾಕ ಬರೂದಿಲ್ಲ!"

ನಾನು ಅಲ್ಲೇ ಕೂತು ನನ್ನ ಕೈ ನೋಡಿಕೊಂಡೆ. ಐದು ಬೆರಳು, ನಡುವೆ ನಾಲ್ಕು ಸಂದು. ನಮ್ಮವರೆಲ್ಲ ಬೆರಳು ಎಣಿಸುತ್ತಾರೆ, ಯಂತ್ರ ಸಂದುಗಳನ್ನು ಎಣಿಸುತ್ತದೆ. ಯಾರೂ ತಪ್ಪಿಲ್ಲ, ಆದರೂ ಒಂದು ದಿನ ವ್ಯತ್ಯಾಸ. ಶರಣಯ್ಯಣ್ಣ ಪ್ರತಿ ಸಲ ನನ್ನನ್ನೇ ಕೇಳಿ ತಾರೀಖು ಬರೆದುಕೊಂಡು ಅವ್ವನನ್ನು ತಾನೇ ಕರೆದೊಯ್ದು ಬಿಡುತ್ತಾನೆ, ಹಾಗಾಗಿ ನಾರಾಯಣಪೇಟೆಯಲ್ಲಿ ಇದು ಬೆಳಕಿಗೆ ಬಂದಿರಲಿಲ್ಲ.

ಸಿದ್ದರಾಮೇಶ ಬೀಜದ ಅಂಗಡಿಯಿಂದ ಊಟಕ್ಕೆ ಬಂದ. ಹೆಂಡತಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅವನು ಸಿಟ್ಟಾಗಲಿಲ್ಲ. ಅದು ನನಗೆ ಇನ್ನೂ ಭಯ ಹುಟ್ಟಿಸಿತು.

"ಅಕ್ಕ, ಭಾನುವಾರ ಹತ್ತು ಗಂಟಿ ಬಸ್ಸಿಗಿ ನಾನೇ ಸೀಟ್ ಹಿಡಿದು ಕೂಡಿಸೀನಿ. ಮಧ್ಯಾಹ್ನ ಅವ್ವನೇ ಫೋನ್ ಮಾಡಿದ್ಳು, ಮುಟ್ಟೀನಪ್ಪ ಅಂತ. ಎಲ್ಲಿ ಮುಟ್ಟೀನಿ ಅಂತ ನಾ ಕೇಳ್ಲಿಲ್ಲ. ಯಾರ್ ಕೇಳ್ತಾರ ಹಂಗ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಲ್ಲಿಯವರೆಗೆ ಜಗಳ ಇತ್ತು, ಜಗಳಕ್ಕೆ ಒಂದು ಆಸರೆಯಾದರೂ ಇರುತ್ತದೆ. ಈಗ ಅದೂ ಇರಲಿಲ್ಲ. ಅವ್ವ ಗದ್ವಾಲ್‌ನಲ್ಲಿದ್ದಾಳೆಂದು ನಾನು, ಮಕ್ತಲ್‌ನಲ್ಲಿದ್ದಾಳೆಂದು ಅವರು, ಇಬ್ಬರೂ ನೆಮ್ಮದಿಯಾಗಿ ಉಂಡು ಮಲಗಿದ್ದೆವು.

ಮನೆಗೆ ಬಂದು ಕ್ಯಾಲೆಂಡರಿನ ಚಿತ್ರಗಳನ್ನೂ ನನ್ನ ನೋಟುಬುಕ್ಕನ್ನೂ ಪಕ್ಕದಲ್ಲಿಟ್ಟುಕೊಂಡು ಕಳೆದ ಮೂರು ಪಾಳಿಗಳ ತಾರೀಖು ಕೊಟ್ಟೆ. ಹೋದ ಡಿಸೆಂಬರಿನಲ್ಲಿ ಗದ್ವಾಲ್ ಬಿಟ್ಟದ್ದು ನಾಲ್ಕಕ್ಕೆ, ಇಲ್ಲಿ ಬಂದದ್ದು ಐದಕ್ಕೆ. ಈ ಜೂನಿನಲ್ಲಿ ಬಿಟ್ಟದ್ದು ಎರಡಕ್ಕೆ, ಬಂದದ್ದು ನಾಲ್ಕಕ್ಕೆ. ಈಗ ಮೂವತ್ತಕ್ಕೆ ಬಿಟ್ಟು ಮೂರಕ್ಕೆ ಬಂದಿದ್ದಾಳೆ. ಪರದೆಯ ಮೇಲೆ ಒಂದು, ಎರಡು, ಮೂರು ಎಂದು ಬಂತು. ಒಟ್ಟು ಆರು ದಿನ. ಹೆಚ್ಚುತ್ತ ಹೋಗುತ್ತಿದೆ, ನೋಡು.

ಗದ್ವಾಲ್‌ನಲ್ಲಿ ಯಾವುದಾದರೂ ಡಾಕ್ಟರ ಹತ್ತಿರ ಗುಟ್ಟಾಗಿ ಹೋಗುತ್ತಿದ್ದಾಳೆಯೇ? ಹೇಳಿಕೊಳ್ಳದ ರೋಗವೇನಾದರೂ? ಈಗ ನನ್ನ ಅನುಮಾನವೆಲ್ಲ ಅವಳ ಮೇಲೆಯೇ ತಿರುಗಿದೆ. ಅವಳು ಊಟ ಬಿಟ್ಟರೆ ನೋಡುತ್ತೇನೆ, ಹೆಚ್ಚು ಉಂಡರೂ ನೋಡುತ್ತೇನೆ. ಬೆಳಿಗ್ಗೆ ಲಿಂಗಪೂಜೆಗೆ ಕೂತು ಕಣ್ಣು ಮುಚ್ಚಿದಾಗ ಆ ತುಟಿಗಳು ಏನು ಅನ್ನುತ್ತಿವೆ ಎಂದು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತೇನೆ. ಹೆತ್ತವಳನ್ನು ಹೀಗೆ ಕಾಯುವುದು ನಾಚಿಕೆಯ ಕೆಲಸ, ಗೊತ್ತು. ನಿಲ್ಲಿಸಲಾಗುತ್ತಿಲ್ಲ.

ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ನೀನೂ ಹೇಳಬೇಡ. ಆರೋಗ್ಯ ನೋಡಿಕೋ, ನಿನಗೆ ಒಳ್ಳೆಯದಾಗಲಿ.

ನಿನ್ನ ಅಮ್ಮ


ಮಕ್ತಲ್,
21 ಡಿಸೆಂಬರ್ 2025, ಭಾನುವಾರ

ಪ್ರೀತಿಯ ಐಶ್ವರ್ಯ,

ಆಶೀರ್ವಾದಗಳು. ವಾರವಿಡೀ ನಿನ್ನ ಫೋನು ಬಂದಾಗಲೆಲ್ಲ ಮಳೆ, ಬಿಸಿಲು, ತರಕಾರಿ ಮಾತಾಡಿ ಇಟ್ಟುಬಿಟ್ಟೆ. ಬೇಸರ ಮಾಡಿಕೊಳ್ಳಬೇಡ. ಮೊದಲು ಸಮಾಧಾನದ ಸುದ್ದಿ: ಅಜ್ಜಿಗೆ ರೋಗವಿಲ್ಲ. ಬಿಪಿ ನೋಡಿಸಿದೆ, ನನ್ನದಕ್ಕಿಂತ ಚೆನ್ನಾಗಿದೆ.

ಸೋಮವಾರ ಅವಳು ಸ್ನಾನಕ್ಕೆ ಹೋದಾಗ ಅವಳ ಅಡಿಕೆ ಚೀಲ ತೆಗೆದು ನೋಡಿದೆ. ಹೌದು, ಅದನ್ನೂ ಮಾಡಿದೆ. ಅಡಿಕೆ, ವಿಭೂತಿ ಗಟ್ಟಿ, ಆಧಾರ್ ಕಾರ್ಡು, ಮತ್ತೆ ರಬ್ಬರು ಹಾಕಿದ ಸಣ್ಣ ಕಟ್ಟು. ಹೆಂಗಸರಿಗೆ ಬಸ್ಸಿನಲ್ಲಿ ಕೊಡುವ ಸೊನ್ನೆ ಟಿಕೆಟ್‌ಗಳು. ಸರ್ಕಾರದ ಕಾಗದ ಎಂದು ಅವಳು ಒಂದನ್ನೂ ಎಸೆಯುವುದಿಲ್ಲ. ಹಳೆಯವು ಮಾಸಿ ಬರೀ ಬಿಳಿಯಾಗಿದ್ದವು. ಹೊಸ ಎರಡರ ಮೇಲೆ ಅಕ್ಷರ ಇನ್ನೂ ಉಳಿದಿತ್ತು. ನವೆಂಬರ್ ಮೂವತ್ತರದು ಗದ್ವಾಲ್‌ನಿಂದ ಜೂರಾಲದವರೆಗೆ. ಡಿಸೆಂಬರ್ ಮೂರರದು ಜೂರಾಲದಿಂದ ಈಚೆಗೆ.

ಜೂರಾಲದಲ್ಲಿ ನಮಗೆ ಯಾರಿದ್ದಾರೆ? ನೆನಪು ನಿಧಾನವಾಗಿ ಬಂತು. ದಾರಿಯಲ್ಲಿ ಸಿಗುವ ಆ ಅಣೆಕಟ್ಟು ಕಟ್ಟುವಾಗ ತಾತ ಅಲ್ಲಿ ವರ್ಕ್ ಇನ್‌ಸ್ಪೆಕ್ಟರ್ ಆಗಿದ್ದರು. ನಾನು ಆಗ ಆರೇಳು ವರ್ಷದವಳು. ಕ್ವಾರ್ಟರ್ಸಿನ ಹಿಂದಿನ ಊರಲ್ಲಿ ಕುರಿ ಸಾಕುವ ಮನೆಯೊಂದಿತ್ತು, ಅಲ್ಲಿಂದ ಹಾಲು ತರುತ್ತಿದ್ದೆವು. ಆ ಮನೆಯಾಕೆ ಹಣಮಮ್ಮ. ಅವ್ವನೂ ಅವಳೂ ಒಂದೇ ವಾರಗೆಯವರು.

ನಿನ್ನೆ ಅರ್ಧ ದಿನ ರಜೆ ಹಾಕಿ ಹೋದೆ. ಹಣಮಮ್ಮನದು ಮೈಲಾರಲಿಂಗನ ಭಂಡಾರ ಹಚ್ಚಿದ ಹಳದಿ ಹಣೆ, ಒಂದು ಕಣ್ಣಿಗೆ ಪೊರೆ. ಅಂಗಳದಲ್ಲಿ ಕಂಬಳಿಯ ಮೇಲೆ ಕೂತು ಉಣ್ಣೆ ಬಿಡಿಸುತ್ತಿದ್ದಳು. ಹೆಸರು ಹೇಳುವ ಮುಂಚೆಯೇ ಗುರುತು ಹಿಡಿದಳು.

"ಸಂಗವ್ವನ ಮಗಳಲ್ಲೇನು? ಗಿಂಡಿ ಹಿಡಕೊಂಡು ಹಾಲಿಗಿ ಬರ್ತಿದ್ದಿ. ಮೂಗ್ ಸೋರ್ತಿತ್ತು ನಿಂದು. ಈಗ ಕನ್ನಡಕ ಬಂದೈತಿ."

"ಅವ್ವ ಇಲ್ಲಿಗೆ ಬಂದಿದ್ಳೇನ್ರಿ?"

"ಬಂದಿದ್ಳು ಅಂದ್ರೇನು, ಬರ್ತಾಳ. ನಮ್ಮ ಮಗ ಮಾಳಿಂಗಪ್ಪ ಕುರಿ ಹಿಂದ ಹೋದ್ರ ನಾ ನಾಯಿ ಕೂಡ ಮಾತಾಡ್ಬೇಕು. ಆಕಿ ಬಂದ್ರ ನನಗ ಜೀವ ಬಂದಂಗ. ಇಬ್ರೂ ಕೂಡಿ ನಿಮ್ಮಪ್ಪನ್ನ ಬೈಕೋತ ಕೂಡ್ತೀವಿ."

"ಎಷ್ಟು ದಿನ ಇರ್ತಾಳ್ರಿ?"

ಮುದುಕಿ ನಕ್ಕಳು. "ನಾವು ಕುರಿ ಎಣಸ್ತೀವಿ ತಾಯಿ, ಮಂದಿ ಎಣಸಂಗಿಲ್ಲ."

ಎಳ್ಳಮಾವಾಸ್ಯೆಯ ಸಜ್ಜೆ ರೊಟ್ಟಿ ಉಳಿದಿತ್ತು, ಭಜ್ಜಿ ಹಾಕಿ ಕೊಟ್ಟಳು. ನೇರವಾಗಿ ಮಕ್ತಲ್‌ಗೆ ಬರುವುದು ಬಿಟ್ಟು ಇಲ್ಲಿಗೇಕೆ ಇಳಿಯುತ್ತಾಳೆ, ಏನಾದರೂ ಹೇಳಿದ್ದಾಳೆಯೇ ಎಂದು ಕೇಳಿದೆ.

"ಏನೂ ಹೇಳೂದಿಲ್ಲ. ನಡುವ ಒಂದಿನ ಉಳೀತು ಹಣಮೀ ಅಂತಾಳ, ಕಂಬಳಿ ಹಾಸ್ಕೊಂಡು ಮಕ್ಕೋತಾಳ. ಆದ್ರ ಹೋಗೋ ದಿನ ಮುಂಜಾನಿ ಎದ್ದು ಮೂರ್ ಸಲ ಕೇಳ್ತಾಳ: ಇವತ್ತು ಬುಧವಾರ ಹೌದಲ್ಲ, ಮೂರನೇ ತಾರೀಖ್ ಹೌದಲ್ಲ? ತಾರೀಖಿಗಿ ಅಂಜ್ತಾಳ ನೋಡವ್ವಾ. ಕೋರ್ಟಿನ ಪೇಶಿಗಿ ಹೋಗೋರು ಅಂಜ್ತಾರಲ್ಲ, ಹಂಗ."

ಬಸ್ಸು ಅಣೆಕಟ್ಟಿನ ಮೇಲೆ ಬರುವಾಗ ಗೇಟುಗಳನ್ನು ಎಣಿಸುವುದು ಚಿಕ್ಕಂದಿನ ನನ್ನ ಚಟ. ನಿನ್ನೆ ಕಣ್ಣು ಮುಚ್ಚಿಕೊಂಡು ಕೂತೆ.

ಮನೆಗೆ ಬಂದಾಗ ಅವ್ವ ಅಂಗಳದ ಬಿಸಿಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಕೂತು, "ಹಣಮಮ್ಮನ ಕಡಿ ಹೋಗಿದ್ದೆ," ಎಂದೆ.

ಹೊಸೆಯುತ್ತಿದ್ದ ಬತ್ತಿಯನ್ನು ಮಡಿಲಲ್ಲಿಟ್ಟಳು. ಆಮೇಲೆ, "ಆಕಿ ಕಣ್ಣು ಹೆಂಗೈತಿ? ಆಪರೇಷನ್ ಮಾಡಸಾಕ ಹೇಳ್ಬೇಕಿತ್ತು," ಎಂದಳು.

"ನನಗ ಯಾಕ ಹೇಳ್ಲಿಲ್ಲವ್ವಾ?"

"ಹೇಳೂದೇನೈತಿ? ಅವರದು ಮುಗದಿರ್ತೈತಿ, ನಿಂದು ಶುರು ಆಗಿರಂಗಿಲ್ಲ. ಸುಮ್ನ ಇಬ್ರಿಗೂ ಯಾಕ ಜಗಳ?"

"ಹಂಗಂತ ಮೂರ್ ದಿನ?"

"ಒಂದಿನ ಇದ್ರ ಆಕಿ ಬಿಡಂಗಿಲ್ಲ," ಎಂದು ನಕ್ಕಳು. ಆ ನಗುವಿನಲ್ಲಿ ನನಗೆ ಗೊತ್ತಿಲ್ಲದ ಒಂದು ಹಿಗ್ಗು ಇತ್ತು. ಈ ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ಎಷ್ಟು ದಿನದಿಂದ ಕಂಡಿಲ್ಲ ಎಂದು ಯೋಚಿಸಿದೆ. ನೆನಪಾಗಲಿಲ್ಲ.

ಉಮಾಶ್ರೀಗೆ ಫೋನು ಮಾಡಿ ತಪ್ಪಾಯಿತೆಂದೆ. ಎಲ್ಲ ಕೇಳಿಸಿಕೊಂಡಳು. "ಅತ್ತಿ ಚಂದ ಅದಾರಲ್ಲ, ಅಷ್ಟು ಸಾಕ್ರಿ," ಎಂದಳು. ಸಂಕ್ರಾಂತಿಗೆ ಎಲ್ಲರೂ ಇಲ್ಲಿಗೇ ಬನ್ನಿ ಎಂದು ಕರೆದೆ. "ನಿಮ್ ಕಂಪ್ಯೂಟರ್ ಯಾವ ತಾರೀಖ್ ಅಂತೈತಿ ಕೇಳಿ ಹೇಳ್ರಿ, ಬರ್ತೀವಿ," ಎಂದು ಇಟ್ಟುಬಿಟ್ಟಳು. ಅವಳು ಅಷ್ಟಾದರೂ ಅಂದದ್ದು ಒಳ್ಳೆಯದಾಯಿತು. ಬಯ್ಯದೆ ಕ್ಷಮಿಸಿದ್ದರೆ ನಾನು ತಾಳುತ್ತಿರಲಿಲ್ಲ. ಶರಣಯ್ಯಣ್ಣನಿಗೆ ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡೆ. ನಿಮ್ಮಪ್ಪನಿಗೆ ಎಲ್ಲ ಹೇಳಿದೆ. ಅವರು ಒಳಗೆ ಹೋಗಿ ನನಗೆ ಒಂದು ಲೋಟ ನೀರು ತಂದುಕೊಟ್ಟರು.

ಪ್ರೋಗ್ರಾಂ ತಿದ್ದುವುದು ಸುಲಭ. ಕಳೆದ ಮೇಲೆ ಒಂದು ಕೂಡಿಸು ಎಂದು ಬರೆದರೆ ಐವತ್ತೊಂಬತ್ತು ಅರವತ್ತಾಗುತ್ತದೆ. ಬೆಳಿಗ್ಗೆ ಬರೆದೂ ನೋಡಿದೆ. ಹಾಗೆ ಎಣಿಸಿ ಹೊರಟ ದಿನವೇ ಮುಟ್ಟಿದರೆ ಆ ಒಂದು ದಿನ ಎರಡೂ ಮನೆಯ ಲೆಕ್ಕಕ್ಕೆ ಸೇರುತ್ತದೆ. ಬೆಳಗಿನ ಊಟ ಅಲ್ಲಿ, ಸಂಜೆಯದು ಇಲ್ಲಿ. ನಮ್ಮ ಹಿರಿಯರ ಎಣಿಕೆಯೇ ಹಾಗಿತ್ತು. ಅದು ತಪ್ಪೆಂದು ನಾನು ಒಂದೂವರೆ ವರ್ಷ ಅಂದುಕೊಂಡಿದ್ದೆ. ಇಷ್ಟು ಬರೆದ ಮೇಲೂ ಆ ಸಾಲನ್ನು ಉಳಿಸಿಕೊಳ್ಳಬೇಕೋ ಇಡೀ ಪ್ರೋಗ್ರಾಮನ್ನೇ ಅಳಿಸಬೇಕೋ ತೀರ್ಮಾನಿಸಿಲ್ಲ. ಫೆಬ್ರವರಿಯಲ್ಲಿ ಅವ್ವ ನಾರಾಯಣಪೇಟೆಗೆ ಹೋಗುವ ಮಾತು ಬಂದಾಗ ಅವಳನ್ನೇ ಕೇಳುತ್ತೇನೆ. ಇಷ್ಟು ದಿನ ಅದೊಂದು ಹೊಳೆದಿರಲಿಲ್ಲ.

ನೀನು ಸಂಕ್ರಾಂತಿಗೆ ಬಾ. ರಜೆ ಎಷ್ಟು ದಿನ ಎಂದು ನಾನು ಕೇಳುವುದಿಲ್ಲ. ಬೆಳಿಗ್ಗೆ ತಲೆ ಒರೆಸಿಕೊಂಡು ಹೋಗು. ನಿನ್ನ ಓದು ಬೆಳಗಲಿ, ನೀನು ಹೋದ ಕಡೆಯಲ್ಲೆಲ್ಲ ಜನ ನಿನ್ನನ್ನು ಬಾ ಎಂದು ಕರೆಯಲಿ.

ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹೋದ ವರ್ಷ ಜೂನ್ ಏಳು, ಶುಕ್ರವಾರ, ಮಧ್ಯಾಹ್ನ. ನೀನು ಹಾಸ್ಟೆಲಿಗೆ ವಾಪಸಾಗಿ ನಾಲ್ಕೈದು ದಿನ ಆಗಿತ್ತು. ನಾವಿಬ್ಬರೂ ಫೋನಿನಲ್ಲಿದ್ದೆವು. ಅವ್ವ ಗದ್ವಾಲ್‌ನಿಂದ ಬಂದು ಗಂಟು ಹಿಡಿದು ಬಾಗಿಲಲ್ಲಿ ನಿಂತಳು. ಪ್ರೋಗ್ರಾಂ ಬಂದ ಮೇಲಿನ ಮೊದಲ ಪಾಳಿ ಅದು. ಅವಳಿಗೆ ಬಾ ಎನ್ನುವ ಮುಂಚೆ ನಾನು ನಿನಗೆ ಹೇಳಿದೆ: "ನೋಡೇ, ಅಜ್ಜಿ ಒಂದು ದಿನ ಮೊದಲೇ ಬಂದುಬಿಟ್ಟಳು. ಗದ್ವಾಲದವರು ತಮ್ಮದೊಂದು ದಿನ ಉಳಿಸಿಕೊಂಡರು. ಇವಳ ತಾರೀಖು ನಾಳೆ ಅಲ್ಲೇನು?" ನೋಟುಬುಕ್ಕಿನಲ್ಲಿಯೂ ಎಂಟು ಎಂದೇ ಬರೆದೆ. ಅವ್ವ ನನ್ನ ಮುಖ ನೋಡುತ್ತ, "ಹಂಗಾದ್ರ ಇವತ್ತಿನ ಊಟ ಯಾರ ಮನ್ಯಾಗವ್ವಾ?" ಎಂದು ಕೇಳಿದಳು. ನಾನು ನಕ್ಕೆ. ಆ ಕಡೆಯಿಂದ ನೀನೂ ನಕ್ಕೆ. ಅವಳು ತಮಾಷೆಗೆ ಕೇಳಿರಲಿಲ್ಲ, ಐಶೂ. ಚಪ್ಪಲಿ ಬಿಡದೆ, ನಾನು ಉತ್ತರ ಹೇಳುವುದನ್ನು ಕಾಯುತ್ತಿದ್ದಳು.